ಕಚೇರಿ ನಿಯಮಗಳ ಆಧಾರದ ಮೇಲೆ ಗಣಕೀಕೃತ ದಾಖಲೆಗಳ ಸ್ತರವಾರು ಸ್ವಯಂಚಾಲಿತ ಸಂಗ್ರಹಣೆ: ಭೂದಾಖಲೆಗಳ ನಿದರ್ಶನದೊಂದಿಗೆ ಮಾಹಿತಿ

1. ಪೀಠಿಕೆ

ಸರ್ಕಾರಿ ಕಚೇರಿಗಳ ದಾಖಲೆಗಳು ಕಾಗದದಿಂದ ಗಣಕಯಂತ್ರಕ್ಕೆ ಸಾಗಿದಂತೆಲ್ಲ, ಅವುಗಳನ್ನು ಎಲ್ಲಿ, ಎಷ್ಟು ಕಾಲ ಮತ್ತು ಎಷ್ಟು ವೆಚ್ಚದಲ್ಲಿ ಕಾಯ್ದಿರಿಸಬೇಕೆಂಬ ಪ್ರಶ್ನೆಯೂ ಮಹತ್ವ ಪಡೆದಿದೆ. ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ಆರಂಭವಾದ ಭೂಮಿ ಯೋಜನೆಯಡಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಣಗೊಳಿಸಲಾಯಿತು. 2003ರಿಂದ ನೋಂದಣಿ ಕಾರ್ಯವು ಕಾವೇರಿ ತಂತ್ರಾಂಶದ ಮೂಲಕ ನಡೆಯತೊಡಗಿತು. 2024ರಲ್ಲಿ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಹಳೆಯ ಭೂದಾಖಲೆಗಳ ಸ್ಕ್ಯಾನಿಂಗ್ ಕಾರ್ಯವನ್ನು ಕೈಗೆತ್ತಿಕೊಳ್ಳಲಾಯಿತು.

ಇಷ್ಟೊಂದು ದಾಖಲೆಗಳನ್ನು ಒಂದೇ ಬಗೆಯ ಸಂಗ್ರಹಣಾ ಸಾಧನದಲ್ಲಿ ಇರಿಸುವುದು ವೆಚ್ಚದ ದೃಷ್ಟಿಯಿಂದ ಸೂಕ್ತವಲ್ಲ. ಒಂದೊಂದು ಕಡತವನ್ನೂ ಸಿಬ್ಬಂದಿಯೇ ಆರಿಸಿ ಸ್ಥಳಾಂತರಿಸುವುದು ಕಾರ್ಯಸಾಧ್ಯವಲ್ಲ. ಆದುದರಿಂದ ಕಚೇರಿಯು ಮೊದಲು ನಿಯಮಗಳನ್ನು ಬರೆದು, ಆ ನಿಯಮಗಳಂತೆ ದಾಖಲೆಗಳನ್ನು ಸೂಕ್ತ ಸ್ತರಕ್ಕೆ ಸೇರಿಸುವ ಕೆಲಸವನ್ನು ತಂತ್ರಾಂಶಕ್ಕೆ ವಹಿಸುವ ಪದ್ಧತಿ ರೂಢಿಗೆ ಬಂದಿದೆ. ಈ ಪದ್ಧತಿಯ ಸ್ವರೂಪ, ಅದರ ಪ್ರಯೋಜನ ಮತ್ತು ಅದರಲ್ಲಿ ವಹಿಸಬೇಕಾದ ಎಚ್ಚರಿಕೆಗಳನ್ನು ಸಾರ್ವಜನಿಕರ ಹಾಗೂ ಕಚೇರಿ ಸಿಬ್ಬಂದಿಯ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಸಂಗ್ರಹಣಾ ಸ್ತರಗಳು

ಬೆಳಗಾವಿ ಜಿಲ್ಲೆಯ ರೈತ ಕುಟುಂಬಗಳಲ್ಲಿ ದಿನಬಳಕೆಯ ಧಾನ್ಯ ಅಡುಗೆಮನೆಯ ಡಬ್ಬಿಯಲ್ಲಿಯೂ, ತಿಂಗಳ ಧಾನ್ಯ ಚೀಲದಲ್ಲಿಯೂ, ವರ್ಷದ ಧಾನ್ಯ ಕಣಜ ಅಥವಾ ಹಗೇವಿನಲ್ಲಿಯೂ ಇರುತ್ತಿದ್ದುದು ಹಿರಿಯರಿಗೆ ತಿಳಿದ ವಿಷಯ. ದತ್ತಾಂಶ ಸಂಗ್ರಹಣೆಯ ಸ್ತರಗಳೂ ಇದೇ ಬಗೆಯವು. ಅವುಗಳನ್ನು ಸ್ಥೂಲವಾಗಿ ಕೆಳಕಂಡಂತೆ ವಿಂಗಡಿಸಬಹುದು.

(ಅ) ಶೀಘ್ರ ಸ್ತರ: ಚಲಿಸುವ ಭಾಗಗಳಿಲ್ಲದ ಸಾಲಿಡ್ ಸ್ಟೇಟ್ ಡಿಸ್ಕ್‌ಗಳು. ಕೋರಿದ ದಾಖಲೆ ಕ್ಷಣಮಾತ್ರದಲ್ಲಿ ದೊರೆಯುತ್ತದೆ. ವೆಚ್ಚ ಅಧಿಕ.

(ಆ) ಮಧ್ಯಮ ಸ್ತರ: ಸಾಮಾನ್ಯ ಹಾರ್ಡ್ ಡಿಸ್ಕ್‌ಗಳು. ವೇಗ ಕಡಿಮೆಯಾದರೂ ನಿತ್ಯದ ಕೆಲಸಕ್ಕೆ ಸಾಕು. ವೆಚ್ಚ ಮಧ್ಯಮ.

(ಇ) ದೀರ್ಘಕಾಲಿಕ ಸ್ತರ: ಟೇಪುಗಳು ಅಥವಾ ಕ್ಲೌಡ್ ಸೇವೆಯ ಅಭಿಲೇಖ ವಿಭಾಗ. ವೆಚ್ಚ ಅತಿ ಕಡಿಮೆ. ಆದರೆ ದಾಖಲೆಯನ್ನು ಹೊರತೆಗೆಯಲು ಸಮಯ ಬೇಕು. ಉದಾಹರಣೆಗೆ, ಅಮೆಜಾನ್ ಸಂಸ್ಥೆ 2019ರಲ್ಲಿ ಒದಗಿಸಿದ ಗ್ಲೇಸಿಯರ್ ಡೀಪ್ ಆರ್ಕೈವ್ ಸೇವೆಯಲ್ಲಿ ಸಾಮಾನ್ಯ ಕೋರಿಕೆಯ ದಾಖಲೆ 12 ಗಂಟೆಗಳೊಳಗೆ ದೊರೆಯುತ್ತದೆ. ಅಲ್ಲಿ ಇರಿಸಿದ ದಾಖಲೆಯನ್ನು ಎರಡೇ ತಿಂಗಳಲ್ಲಿ ಅಳಿಸಿದರೂ 180 ದಿನಗಳ ಬಾಡಿಗೆಯನ್ನು ತೆರಬೇಕಾಗುತ್ತದೆ. ಆದ್ದರಿಂದ ಕೆಳಗಿನ ಸ್ತರಕ್ಕೆ ಅವಸರದಲ್ಲಿ ಕಳುಹಿಸುವುದರಿಂದಲೂ ನಷ್ಟವಾಗಬಹುದು.

3. ಹಿನ್ನೆಲೆ

ಈ ಪದ್ಧತಿ ಹೊಸದಲ್ಲ. ದೊಡ್ಡ ಗಣಕಯಂತ್ರಗಳಲ್ಲಿ ಬಳಕೆಯಿಲ್ಲದ ದತ್ತಾಂಶವನ್ನು ತಾನಾಗಿಯೇ ಅಗ್ಗದ ಸಾಧನಕ್ಕೆ ಸಾಗಿಸುವ ತಂತ್ರಾಂಶವನ್ನು ಐಬಿಎಂ ಸಂಸ್ಥೆ 1970ರ ದಶಕದಲ್ಲಿಯೇ ರೂಪಿಸಿತ್ತು. 2000ದ ನಂತರ ಇದಕ್ಕೆ ಸಂಸ್ಥೆಯ ಕಾರ್ಯನಿಯಮಗಳನ್ನು ಜೋಡಿಸುವ ಪರಿಪಾಠ ಬೆಳೆಯಿತು. ಅಂದರೆ ದತ್ತಾಂಶದ ಸ್ಥಾನ ನಿರ್ಧಾರಕ್ಕೆ ಕೊನೆಯ ಬಳಕೆಯ ದಿನಾಂಕವೊಂದೇ ಆಧಾರವಾಗದೆ, ಅದು ಯಾವ ಕೆಲಸಕ್ಕೆ ಸಂಬಂಧಿಸಿದ್ದು, ಕಾನೂನು ಏನು ಹೇಳುತ್ತದೆ, ಯಾರಿಗೆ ಯಾವಾಗ ಬೇಕಾಗುತ್ತದೆ ಎಂಬ ಅಂಶಗಳನ್ನೂ ಗಣನೆಗೆ ತೆಗೆದುಕೊಳ್ಳಲಾಯಿತು.

ಸರ್ಕಾರಿ ಕಚೇರಿಗಳಲ್ಲಿ ಇಂತಹ ನಿಯಮಗಳು ಕಾಗದದ ಕಾಲದಿಂದಲೂ ಇವೆ. ಕಡತವು ಮುಕ್ತಾಯಗೊಂಡಾಗ ಅದನ್ನು ವರ್ಗೀಕರಿಸಿ ಅಭಿಲೇಖಾಲಯಕ್ಕೆ ಕಳುಹಿಸುವುದು ಕಚೇರಿ ಕಾರ್ಯವಿಧಾನದ ಅಂಗವಾಗಿದೆ. ಕರ್ನಾಟಕದಲ್ಲಿ ರೂಢಿಯಲ್ಲಿರುವ ವರ್ಗೀಕರಣ ಈ ಮುಂದಿನಂತಿದೆ.

ಎ ವರ್ಗ: ಶಾಶ್ವತವಾಗಿ ಕಾಯ್ದಿರಿಸುವುದು
ಬಿ ವರ್ಗ: 30 ವರ್ಷ
ಸಿ ವರ್ಗ: 10 ವರ್ಷ
ಡಿ ವರ್ಗ: 5 ವರ್ಷ
ಇ ವರ್ಗ: 1 ವರ್ಷ

ಸ್ವಯಂಚಾಲಿತ ಪದ್ಧತಿಗೆ ಈ ವರ್ಗೀಕರಣವೇ ತಳಹದಿಯಾಗಬೇಕು. ಕಡತಕ್ಕೆ ವರ್ಗವನ್ನೇ ನೀಡದೆ ಅದನ್ನು ಯಂತ್ರಕ್ಕೆ ಒಪ್ಪಿಸಿದಲ್ಲಿ, ಯಂತ್ರದ ಪಾಲಿಗೆ ರಜೆ ಅರ್ಜಿಯೂ ಆಕಾರ್‌ಬಂದ್ ವಹಿಯೂ ಸಮಾನವಾಗಿರುತ್ತವೆ.

4. ನಿದರ್ಶನ: ಪಾರಿಶ್ವಾಡ ಗ್ರಾಮದ ಒಂದು ಹಿಡುವಳಿ

ವಿಷಯವನ್ನು ಸ್ಪಷ್ಟಪಡಿಸಲು ಬೆಳಗಾವಿ ಜಿಲ್ಲೆ, ಖಾನಾಪುರ ತಾಲ್ಲೂಕಿನ ಪಾರಿಶ್ವಾಡ ಗ್ರಾಮದ ಒಂದು ಹಿಡುವಳಿಯನ್ನು ಉದಾಹರಣೆಯಾಗಿ ಊಹಿಸಿಕೊಳ್ಳೋಣ. ಸಹೋದರರಿಬ್ಬರು ಜಮೀನಿನ ವಾಟ್ನಿ ಮಾಡಿಕೊಂಡಿದ್ದಾರೆ. ಇದಕ್ಕೆ ಸಂಬಂಧಿಸಿದ ದಾಖಲೆಗಳು ಒಂದಲ್ಲ, ಹಲವು:

(ಅ) ಈ ಭಾಗದ ಜನರು ಉತಾರ ಎಂದು ಕರೆಯುವ ಪ್ರಸಕ್ತ ಪಹಣಿ;
(ಆ) ಹಕ್ಕು ಬದಲಾವಣೆಯ ಕಡತ ಮತ್ತು ಅದರ ಆದೇಶ;
(ಇ) ವಿಭಾಗದ 11-ಇ ನಕ್ಷೆ;
(ಈ) ಮೂಲ ಭೂಮಾಪನದ ಟಿಪ್ಪಣಿ ಮತ್ತು ಆಕಾರ್‌ಬಂದ್;
(ಉ) ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿ ಮತ್ತು ಹಕ್ಕು ಬದಲಾವಣೆ ವಹಿಗಳು;
(ಊ) ನೋಟಿಸು ಜಾರಿ ಇತ್ಯಾದಿ ತಾತ್ಕಾಲಿಕ ಸ್ವರೂಪದ ಪತ್ರವ್ಯವಹಾರ.

ಉತಾರವು ಬೆಳೆ ಸಾಲಕ್ಕೆ, ವಿಮೆಗೆ, ಪರಿಹಾರಕ್ಕೆ ಪದೇ ಪದೇ ಬೇಕಾಗುತ್ತದೆ. ಆದ್ದರಿಂದ ಅದರ ಸ್ಥಾನ ಶೀಘ್ರ ಸ್ತರ. ಹಕ್ಕು ಬದಲಾವಣೆಯ ಕಡತವು ಆದೇಶವಾಗುವವರೆಗೂ, ನಂತರ ಮೇಲ್ಮನವಿಯ ಅವಧಿ ಮುಗಿಯುವವರೆಗೂ ಶೀಘ್ರ ಸ್ತರದಲ್ಲಿದ್ದು, ಆಮೇಲೆ ಮಧ್ಯಮ ಸ್ತರಕ್ಕೆ ಹೋಗಬಹುದು. ಟಿಪ್ಪಣಿ ಮತ್ತು ಹಳೆಯ ವಹಿಗಳನ್ನು ಹತ್ತಿಪ್ಪತ್ತು ವರ್ಷ ಯಾರೂ ಕೇಳದಿರಬಹುದು. ಆದರೆ ಗಡಿಯ ತಕರಾರು ಬಂದ ದಿನ ಅವುಗಳ ಹೊರತು ಇತ್ಯರ್ಥ ಕಷ್ಟ. ಒಂದೇ ಹಿಡುವಳಿಯ ಆರು ಬಗೆಯ ದಾಖಲೆಗಳಿಗೆ ಹೀಗೆ ಬೇರೆ ಬೇರೆ ಸ್ಥಾನಗಳು ಏರ್ಪಡುತ್ತವೆ.

5. ಸ್ಥಳಾವಕಾಶದ ಲೆಕ್ಕ

ಎ4 ಅಳತೆಯ ಒಂದು ಪುಟವನ್ನು 300 ಡಿಪಿಐ ಗುಣಮಟ್ಟದಲ್ಲಿ, ಬಣ್ಣದಲ್ಲಿ, ಸಂಕುಚಿತಗೊಳಿಸದೆ ಸ್ಕ್ಯಾನ್ ಮಾಡಿದಲ್ಲಿ ಸುಮಾರು 26 ಮೆಗಾಬೈಟ್ ಸ್ಥಳ ಬೇಕು. 200 ಪುಟಗಳ ಒಂದು ವಹಿಗೆ ಸುಮಾರು 5.2 ಗಿಗಾಬೈಟ್ ಆಗುತ್ತದೆ. ಅದೇ ಪುಟದ ಓದಲು ಸಾಕಾಗುವ ಹಗುರ ಪ್ರತಿಯನ್ನು 300 ಕಿಲೋಬೈಟ್ ಎಂದು ಹಿಡಿದರೆ, ಇಡೀ ವಹಿ 60 ಮೆಗಾಬೈಟ್‌ನಲ್ಲಿ ಅಡಕವಾಗುತ್ತದೆ. 18 ಟೆರಾಬೈಟ್ ಸಾಮರ್ಥ್ಯದ ಒಂದು ಎಲ್‌ಟಿಒ-9 ಟೇಪಿನಲ್ಲಿ ಇಂತಹ ಸುಮಾರು 3,400 ವಹಿಗಳ ಮೂಲ ಸ್ಕ್ಯಾನ್ ಪ್ರತಿಗಳನ್ನು ಇರಿಸಬಹುದು.

ಮೂಲ ಸ್ಕ್ಯಾನ್ ಪ್ರತಿಯನ್ನು ಟೇಪಿನಲ್ಲಿಯೂ, ಹಗುರ ಪ್ರತಿಯನ್ನು ಮಧ್ಯಮ ಸ್ತರದ ಡಿಸ್ಕ್‌ನಲ್ಲಿಯೂ ಇರಿಸಿದಲ್ಲಿ ವೆಚ್ಚ ತಗ್ಗುತ್ತದೆ ಮತ್ತು ಅರ್ಜಿದಾರರು ಟೇಪು ಹೊರತೆಗೆಯುವವರೆಗೆ ಕಾಯಬೇಕಾಗಿಲ್ಲ. ಅಕ್ಷರ ಮಾಸಿದ ಅಥವಾ ತಕರಾರಿರುವ ಪುಟಕ್ಕೆ ಮಾತ್ರ ಮೂಲ ಪ್ರತಿಯನ್ನು ತರಿಸಿಕೊಂಡರೆ ಸಾಕು.

6. ನಿಯಮಗಳ ರಚನೆ

ತಂತ್ರಾಂಶಕ್ಕೆ ನೀಡುವ ನಿಯಮಗಳು ಸರಳವಾಗಿರಬೇಕು. ಯಾವ ನಿಯಮವು ಯಾವುದಕ್ಕಿಂತ ಮೇಲು ಎಂಬುದೂ ನಿಗದಿಯಾಗಿರಬೇಕು. ಮಾದರಿಯಾಗಿ ಕೆಳಕಂಡ ಕ್ರಮವನ್ನು ಪರಿಶೀಲಿಸಬಹುದು.

ನಿಯಮ 1 (ತಡೆ): ನ್ಯಾಯಾಲಯ, ಮೇಲ್ಮನವಿ, ತನಿಖೆ, ಲೆಕ್ಕಪರಿಶೋಧನೆ ಅಥವಾ ಮಾಹಿತಿ ಹಕ್ಕು ಅರ್ಜಿ ಬಾಕಿಯಿರುವ ದಾಖಲೆಯನ್ನು ಕೆಳಗಿನ ಸ್ತರಕ್ಕೆ ಸಾಗಿಸತಕ್ಕದ್ದಲ್ಲ, ಅಳಿಸತಕ್ಕದ್ದಲ್ಲ. ಉಳಿದೆಲ್ಲ ನಿಯಮಗಳಿಗಿಂತ ಇದು ಮೇಲಿನದು.

ನಿಯಮ 2 (ವರ್ಗ): ಎ ವರ್ಗದ ದಾಖಲೆ ಯಾವ ಸ್ತರದಲ್ಲಿದ್ದರೂ ಅಳಿಸುವ ಪಟ್ಟಿಗೆ ಸೇರತಕ್ಕದ್ದಲ್ಲ. ಅದರ ಎರಡು ಪ್ರತಿಗಳು ಎರಡು ಬೇರೆ ಊರುಗಳಲ್ಲಿರತಕ್ಕದ್ದು.

ನಿಯಮ 3 (ಘಟನೆ): ಹಕ್ಕು ಬದಲಾವಣೆಗೆ ಅರ್ಜಿ ಬಂದ ಕೂಡಲೇ ಆ ಸರ್ವೆ ನಂಬರಿಗೆ ಸಂಬಂಧಿಸಿದ ಹಳೆಯ ದಾಖಲೆಗಳನ್ನು ಮೇಲಿನ ಸ್ತರಕ್ಕೆ ತರುವುದು. ಕೆಲಸ ಮುಗಿದ ಮೇಲೆ ಹಿಂದಿರುಗಿಸುವುದು.

ನಿಯಮ 4 (ಋತುಮಾನ): ಮುಂಗಾರಿನ ಬೆಳೆ ಸಾಲದ ಅವಧಿಗೆ ಮುನ್ನ ಪಹಣಿಗಳು ಶೀಘ್ರ ಸ್ತರದಲ್ಲಿವೆಯೆಂದು ಖಚಿತಪಡಿಸಿಕೊಳ್ಳುವುದು. ಪ್ರಕೃತಿ ವಿಕೋಪ ಘೋಷಣೆಯಾದಲ್ಲಿ ಆ ತಾಲ್ಲೂಕಿನ ಬೆಳೆ ವಿವರಗಳನ್ನೂ ಮೇಲಕ್ಕೆ ತರುವುದು. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಬೆಳಗಾವಿ ಜಿಲ್ಲೆ ತೀವ್ರ ಹಾನಿಗೊಳಗಾಗಿತ್ತು. ಅಂತಹ ಸಂದರ್ಭಗಳಲ್ಲಿ ಸಾವಿರಾರು ರೈತರಿಗೆ ಒಂದೇ ವಾರದಲ್ಲಿ ದಾಖಲೆಗಳು ಬೇಕಾಗುತ್ತವೆ.

ನಿಯಮ 5 (ಕಾಲ ಮತ್ತು ಬಳಕೆ): ಮೇಲಿನ ಯಾವ ನಿಯಮವೂ ಅನ್ವಯಿಸದಿದ್ದಲ್ಲಿ ಮಾತ್ರ, ಕೊನೆಯ ಬಳಕೆಯ ದಿನಾಂಕದಿಂದ ನಿಗದಿತ ಅವಧಿ ಕಳೆದ ದಾಖಲೆಯನ್ನು ಕೆಳಗಿನ ಸ್ತರಕ್ಕೆ ಸಾಗಿಸುವುದು.

ನಿಯಮ 6 (ವರ್ಗರಹಿತ): ವರ್ಗ ನಮೂದಾಗದ ದಾಖಲೆಯನ್ನು ಇದ್ದಲ್ಲಿಯೇ ಉಳಿಸಿಕೊಂಡು, ಅದರ ಪಟ್ಟಿಯನ್ನು ಪ್ರತಿ ತಿಂಗಳು ಸಂಬಂಧಿಸಿದ ಶಾಖೆಗೆ ಕಳುಹಿಸುವುದು.

7. ವಯಸ್ಸಿನ ಮೇಲೆ ಮಾತ್ರ ನಿರ್ಧರಿಸುವುದರಿಂದಾಗುವ ಅಪಾಯ

ಮಾರುಕಟ್ಟೆಯಲ್ಲಿ ದೊರೆಯುವ ಅನೇಕ ತಂತ್ರಾಂಶಗಳಲ್ಲಿ ಕಾಲ ಮತ್ತು ಬಳಕೆಯ ನಿಯಮವನ್ನು ಸಿದ್ಧರೂಪದಲ್ಲಿ ನೀಡಲಾಗಿರುತ್ತದೆ. ಅದನ್ನೇ ಮೊದಲ ಸ್ಥಾನದಲ್ಲಿರಿಸುವುದು ಸುಲಭ. ಆದರೆ ಭೂದಾಖಲೆಗಳ ವಿಷಯದಲ್ಲಿ ಇದು ಜನರ ಹಕ್ಕಿಗೆ ಧಕ್ಕೆ ತರಬಲ್ಲದು.

ಅರಣ್ಯ ಹಕ್ಕುಗಳ ಮಾನ್ಯತಾ ಅಧಿನಿಯಮ, 2006ರ ಅನ್ವಯ, ಅನುಸೂಚಿತ ಬುಡಕಟ್ಟಿಗೆ ಸೇರದ ಇತರೆ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಕನಿಷ್ಠ ಮೂರು ತಲೆಮಾರುಗಳಿಂದ ಅರಣ್ಯ ಭೂಮಿಯಲ್ಲಿ ವಾಸವಾಗಿದ್ದು, ಜೀವನೋಪಾಯಕ್ಕೆ ಅದನ್ನೇ ಅವಲಂಬಿಸಿರಬೇಕು. ಒಂದು ತಲೆಮಾರು ಎಂದರೆ 25 ವರ್ಷ. ಅಂದರೆ 1930ರವರೆಗಿನ 75 ವರ್ಷಗಳ ಇತಿಹಾಸಕ್ಕೆ ಪುರಾವೆ ಬೇಕು. ಹಿರಿಯರ ಹೇಳಿಕೆಯೂ ಪುರಾವೆಯ ಒಂದು ಬಗೆಯಾಗಿದ್ದರೂ, ಸರ್ಕಾರಿ ದಾಖಲೆಯ ಬೆಂಬಲವಿದ್ದಲ್ಲಿ ಅರ್ಜಿ ಬಲಗೊಳ್ಳುತ್ತದೆ. ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗ ದಟ್ಟ ಅರಣ್ಯ ಪ್ರದೇಶ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮವೂ ಇದೇ ತಾಲ್ಲೂಕಿನಲ್ಲಿದೆ. ಎಪ್ಪತ್ತು ವರ್ಷ ಯಾರೂ ತೆರೆಯದ ಒಂದು ವಹಿ, 2006ರ ಕಾನೂನು ಬಂದ ಮರುದಿನವೇ ಒಂದು ಕುಟುಂಬದ ಪಾಲಿಗೆ ಅತ್ಯಂತ ಬೆಲೆಯುಳ್ಳ ದಾಖಲೆಯಾಗಿ ಮಾರ್ಪಡಬಲ್ಲದು. ವರ್ಷವಿಡೀ ಮುಟ್ಟದಿದ್ದ ಮಾತ್ರಕ್ಕೆ ರೈತರು ಬಿತ್ತನೆಯ ಬೀಜವನ್ನು ಬೇಡದ ಧಾನ್ಯವೆಂದು ತೆಗೆದುಹಾಕುವುದಿಲ್ಲ. ದಾಖಲೆಗಳ ವಿಷಯದಲ್ಲಿಯೂ ಅದೇ ವಿವೇಚನೆ ಅಗತ್ಯ.

8. ದಿನಾಂಕ ಮತ್ತು ಹೆಸರುಗಳ ನಮೂದು

ನಿಯಮವು ಸರಿಯಿದ್ದರೂ, ದಾಖಲೆಯೊಂದಿಗೆ ನಮೂದಿಸಿದ ವಿವರಗಳು ತಪ್ಪಾಗಿದ್ದಲ್ಲಿ ಫಲಿತಾಂಶವೂ ತಪ್ಪಾಗುತ್ತದೆ. ಕೆಳಕಂಡ ಮೂರು ಅಂಶಗಳು ಗಮನಾರ್ಹ.

(ಅ) 1931ರ ವಹಿಯನ್ನು 2024ರಲ್ಲಿ ಸ್ಕ್ಯಾನ್ ಮಾಡಿದಲ್ಲಿ, ಗಣಕಯಂತ್ರವು ಆ ಕಡತದ ದಿನಾಂಕವನ್ನು 2024 ಎಂದೇ ತಿಳಿಯುತ್ತದೆ. ಬೇರೆ ಸರ್ವರ್‌ಗೆ ನಕಲು ಮಾಡಿದಾಗ ಅದು ಮತ್ತೆ ಬದಲಾಗಬಹುದು. ಆದುದರಿಂದ ದಾಖಲೆಯ ಮೂಲ ದಿನಾಂಕ, ಕಡತ ಮುಕ್ತಾಯದ ದಿನಾಂಕ ಮತ್ತು ಸ್ಕ್ಯಾನ್ ದಿನಾಂಕಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಕಾಯ್ದಿರಿಸುವ ಅವಧಿಯನ್ನು ಕಡತ ಮುಕ್ತಾಯದ ದಿನಾಂಕದಿಂದ ಎಣಿಸಬೇಕು.

(ಆ) ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಹೀಗಾಗಿ ಇಲ್ಲಿನ ಹಳೆಯ ಕಂದಾಯ ದಾಖಲೆಗಳಲ್ಲಿ ಮರಾಠಿ ಭಾಷೆಯವೂ ಮೋಡಿ ಲಿಪಿಯವೂ ಇವೆ. ಮೋಡಿ ಬಲ್ಲವರು ಈಗ ವಿರಳ. ಯಂತ್ರವು ಆ ಬರಹವನ್ನು ಓದಿ ವರ್ಗವನ್ನು ಊಹಿಸಲೆಂದು ಬಿಡದೆ, ಬಲ್ಲವರಿಂದ ಓದಿಸಿ ವಿವರ ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿದ ನಂತರವೇ ದೀರ್ಘಕಾಲಿಕ ಸ್ತರಕ್ಕೆ ಕಳುಹಿಸುವುದು ಕ್ಷೇಮ. ವಿವರ ಪಟ್ಟಿಯಿಲ್ಲದೆ ಟೇಪಿಗೆ ಹೋದ ದಾಖಲೆ ಇದ್ದೂ ಇಲ್ಲದಂತೆಯೇ ಸರಿ.

(ಇ) ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬೆಳಗಾವಿ ಎಂದಾಗಿದೆ. ಅದಕ್ಕೆ ಮುಂಚಿನ ದಾಖಲೆಗಳಲ್ಲಿ ಬೆಳಗಾಂ, ಬೆಲ್ಗಾಂ ಎಂಬ ರೂಪಗಳಿವೆ. ಗ್ರಾಮಗಳ ಹೆಸರುಗಳೂ ಭಾಷೆಯಿಂದ ಭಾಷೆಗೆ ಭಿನ್ನ ಕಾಗುಣಿತದಲ್ಲಿರುತ್ತವೆ. ಹೆಸರನ್ನು ಮಾತ್ರ ಆಧರಿಸಿದ ನಿಯಮವು ಕೆಲವು ದಾಖಲೆಗಳನ್ನು ಕೈಬಿಡುತ್ತದೆ. ಗ್ರಾಮ ಸಂಕೇತ ಸಂಖ್ಯೆಯನ್ನು ಬಳಸಿ, ಹೆಸರಿನ ಎಲ್ಲ ರೂಪಗಳನ್ನೂ ಅದಕ್ಕೆ ಜೋಡಿಸುವುದು ಸೂಕ್ತ.

9. ಸ್ಥಳಾಂತರದ ಸಮಯದಲ್ಲಿ ಮುಂಜಾಗ್ರತೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೇ ಪ್ರಕರಣದಂತೆ, ವಿದ್ಯುನ್ಮಾನ ರೂಪದಲ್ಲಿ ಕಾಯ್ದಿರಿಸಿದ ದಾಖಲೆಯು ಮುಂದೆ ಬಳಸಲು ದೊರೆಯುವಂತಿರಬೇಕು. ಮೂಲದ ಮಾಹಿತಿಯನ್ನು ಯಥಾವತ್ತಾಗಿ ತೋರಿಸುವ ನಮೂನೆಯಲ್ಲಿರಬೇಕು. ಅದರ ಮೂಲ, ದಿನಾಂಕ ಮತ್ತು ಸಮಯವನ್ನು ಗುರುತಿಸುವ ವಿವರಗಳೂ ಇರಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದಡಿ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿ ದಾಖಲೆಯ ಹ್ಯಾಷ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಹ್ಯಾಷ್ ಮೌಲ್ಯವೆಂದರೆ ಕಡತದ ಬೆರಳಚ್ಚು ಇದ್ದಂತೆ. ಒಂದು ಅಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ಆದ್ದರಿಂದ:

(ಅ) ಸಾಗಿಸುವ ಮುನ್ನ ಮತ್ತು ಸಾಗಿಸಿದ ನಂತರ ಹ್ಯಾಷ್ ಮೌಲ್ಯವನ್ನು ತಾಳೆ ನೋಡಬೇಕು. ತಾಳೆಯಾದ ಬಳಿಕವೇ ಹಿಂದಿನ ಸ್ತರದ ಪ್ರತಿಯನ್ನು ತೆಗೆಯಬೇಕು.

(ಆ) ಪ್ರತಿಯೊಂದು ಸ್ಥಳಾಂತರವೂ ದಿನಾಂಕ, ಸಮಯ ಮತ್ತು ಅನ್ವಯಿಸಿದ ನಿಯಮದ ಸಂಖ್ಯೆಯೊಂದಿಗೆ ದಾಖಲಾಗಬೇಕು.

(ಇ) ಟೇಪುಗಳನ್ನು ಓದುವ ಯಂತ್ರಗಳು ಬದಲಾಗುತ್ತಿರುತ್ತವೆ. ಎಲ್‌ಟಿಒ-9 ಯಂತ್ರವು 8 ಮತ್ತು 9ನೇ ಪೀಳಿಗೆಯ ಟೇಪುಗಳನ್ನಷ್ಟೇ ಓದುತ್ತದೆ. ಹಳೆಯ ಟೇಪುಗಳನ್ನು ಸಕಾಲದಲ್ಲಿ ಹೊಸ ಟೇಪುಗಳಿಗೆ ನಕಲು ಮಾಡುವ ವೇಳಾಪಟ್ಟಿಯೂ ನಿಯಮಗಳ ಭಾಗವಾಗಿರಬೇಕು.

(ಈ) ಎರಡು ಪ್ರತಿಗಳು ಒಂದೇ ಕಟ್ಟಡದಲ್ಲಿದ್ದರೆ ನೆರೆ ಅಥವಾ ಬೆಂಕಿಯಲ್ಲಿ ಎರಡೂ ಹೋಗುತ್ತವೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ದೆಹಲಿ, ಪುಣೆ, ಹೈದರಾಬಾದ್ ಮತ್ತು ಭುವನೇಶ್ವರಗಳಲ್ಲಿ ಪ್ರತ್ಯೇಕ ದತ್ತಾಂಶ ಕೇಂದ್ರಗಳನ್ನು ಸ್ಥಾಪಿಸಿರುವುದು ಈ ದೃಷ್ಟಿಯಿಂದಲೂ ಉಪಯುಕ್ತ.

10. ಅಳಿಸುವಿಕೆ

ಸ್ಥಳಾಂತರ ಮತ್ತು ಅಳಿಸುವಿಕೆ ಎರಡೂ ಭಿನ್ನ ಕಾರ್ಯಗಳು. ತಪ್ಪಾಗಿ ಸಾಗಿಸಿದ ದಾಖಲೆಯನ್ನು ಮರಳಿ ತರಬಹುದು, ತಪ್ಪಾಗಿ ಅಳಿಸಿದ್ದನ್ನು ತರಲಾಗದು. ಆದುದರಿಂದ ಸಾಗಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಬಹುದಾದರೂ, ಅಳಿಸುವ ನಿರ್ಧಾರವು ಸಕ್ಷಮ ಅಧಿಕಾರಿಯ ಲಿಖಿತ ಆದೇಶದಿಂದಲೇ ಆಗಬೇಕು. ಅವಧಿ ಮೀರಿದ ದಾಖಲೆಗಳ ಪಟ್ಟಿಯನ್ನು ಸಿದ್ಧಪಡಿಸುವುದಕ್ಕೆ ಯಂತ್ರದ ಪಾತ್ರ ಮುಗಿಯುತ್ತದೆ.

ಕೇಂದ್ರ ಸರ್ಕಾರದ ಕಚೇರಿಗಳಿಗೆ ಅನ್ವಯಿಸುವ ಸಾರ್ವಜನಿಕ ದಾಖಲೆಗಳ ಅಧಿನಿಯಮ, 1993ರಲ್ಲಿ 1892ಕ್ಕೆ ಮುಂಚಿನ ದಾಖಲೆಗಳನ್ನು ಸಾಮಾನ್ಯವಾಗಿ ನಾಶಪಡಿಸಕೂಡದೆಂದು ವಿಧಿಸಲಾಗಿದೆ. ದಾಖಲೆಗಳನ್ನು ನಿಯಮಬಾಹಿರವಾಗಿ ನಾಶಪಡಿಸಿದವರಿಗೆ 5 ವರ್ಷದವರೆಗೆ ಕಾರಾವಾಸ ಅಥವಾ 10,000 ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಇಂತಹ ಜವಾಬ್ದಾರಿಯನ್ನು ತಂತ್ರಾಂಶದ ಮೇಲೆ ಹೊರಿಸಲಾಗದು.

11. ಸಾರ್ವಜನಿಕರು ಸಾಮಾನ್ಯವಾಗಿ ಕೇಳಬಹುದಾದ ಪ್ರಶ್ನೆಗಳು

ಪ್ರಶ್ನೆ: ನನ್ನ ಜಮೀನಿನ ಹಳೆಯ ದಾಖಲೆ ಟೇಪಿನಲ್ಲಿದೆ ಎಂದರೆ ಅದು ರದ್ದಾಗಿದೆ ಎಂದರ್ಥವೇ?
ಉತ್ತರ: ಇಲ್ಲ. ದಾಖಲೆಯ ಸ್ಥಳ ಬದಲಾಗಿರುತ್ತದೆಯೇ ಹೊರತು ಅದರ ಸಿಂಧುತ್ವ ಬದಲಾಗುವುದಿಲ್ಲ.

ಪ್ರಶ್ನೆ: ದಾಖಲೆ ದೀರ್ಘಕಾಲಿಕ ಸ್ತರದಲ್ಲಿದೆ ಎಂಬ ಕಾರಣಕ್ಕೆ ನಕಲನ್ನು ನಿರಾಕರಿಸಬಹುದೇ?
ಉತ್ತರ: ನಿರಾಕರಿಸಲಾಗದು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕು. ಟೇಪಿನಿಂದ ದಾಖಲೆ ತರಲು ಗಂಟೆಗಳು, ಹೆಚ್ಚೆಂದರೆ ಕೆಲವು ದಿನಗಳು ಸಾಕು.

ಪ್ರಶ್ನೆ: ಕಚೇರಿಯಲ್ಲಿ ಯಾವ ಬಗೆಯ ದಾಖಲೆಗಳಿವೆ ಎಂದು ತಿಳಿಯುವುದು ಹೇಗೆ?
ಉತ್ತರ: ಸದರಿ ಅಧಿನಿಯಮದ 4(1)(ಎ) ಪ್ರಕರಣದಂತೆ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು ದಾಖಲೆಗಳನ್ನು ಪಟ್ಟಿ ಮತ್ತು ಸೂಚಿಯೊಂದಿಗೆ ನಿರ್ವಹಿಸಬೇಕು. 4(1)(ಬಿ) ಪ್ರಕರಣದಂತೆ ತನ್ನಲ್ಲಿರುವ ದಾಖಲೆಗಳ ಪ್ರವರ್ಗಗಳ ವಿವರಣೆಯನ್ನು ತಾನಾಗಿಯೇ ಪ್ರಕಟಿಸಬೇಕು.

ಪ್ರಶ್ನೆ: ಅರ್ಜಿಯಲ್ಲಿ ಏನನ್ನು ನಮೂದಿಸಿದರೆ ಹುಡುಕಾಟ ಸುಲಭವಾಗುತ್ತದೆ?
ಉತ್ತರ: ಗ್ರಾಮ, ಸರ್ವೆ ನಂಬರು ಮತ್ತು ಹಿಸ್ಸಾ, ಹಕ್ಕು ಬದಲಾವಣೆಯ ಸಂಖ್ಯೆ, ಅಂದಾಜು ವರ್ಷ ಮತ್ತು ಆ ಕಾಲದ ಖಾತೆದಾರರ ಹೆಸರನ್ನು ನಮೂದಿಸುವುದು. ಗ್ರಾಮದ ಹಳೆಯ ಹೆಸರು ಗೊತ್ತಿದ್ದಲ್ಲಿ ಅದನ್ನೂ ಬರೆಯುವುದು.

12. ಉಪಸಂಹಾರ

ಸ್ವಯಂಚಾಲಿತ ಪದ್ಧತಿಯಿಂದ ವೆಚ್ಚ ತಗ್ಗುತ್ತದೆ, ಸಿಬ್ಬಂದಿಯ ಶ್ರಮ ಉಳಿಯುತ್ತದೆ ಮತ್ತು ನಿತ್ಯದ ಸೇವೆ ಚುರುಕಾಗುತ್ತದೆ. ಆದರೆ ಯಂತ್ರವು ತನಗೆ ಕೊಟ್ಟ ನಿಯಮವನ್ನಷ್ಟೇ ಪಾಲಿಸುತ್ತದೆ. ಯಾವ ದಾಖಲೆಗೆ ಎಷ್ಟು ಮಹತ್ವವಿದೆ ಎಂಬುದನ್ನು ಶಾಖೆಯ ವಿಷಯ ನಿರ್ವಾಹಕರೂ, ಅಭಿಲೇಖಾಲಯದ ಸಿಬ್ಬಂದಿಯೂ, ಗ್ರಾಮದ ದಾಖಲೆಗಳನ್ನು ಬಲ್ಲ ಅಧಿಕಾರಿಗಳೂ ಕೂಡಿ ಮೊದಲೇ ನಿರ್ಧರಿಸಿ ಬರೆದಿಡಬೇಕು. ಈ ನಿಯಮಗಳನ್ನು ವರ್ಷಕ್ಕೊಮ್ಮೆಯಾದರೂ, ಹೊಸ ಕಾನೂನು ಜಾರಿಗೆ ಬಂದಾಗ ಕೂಡಲೇ, ಪರಿಷ್ಕರಿಸುವುದು ಅಗತ್ಯವಾಗಿರುತ್ತದೆ. ಸಾರ್ವಜನಿಕರು ತಮ್ಮ ಬಳಿಯಿರುವ ಹಳೆಯ ಉತಾರ, ನಕ್ಷೆ ಮತ್ತು ಆದೇಶಗಳ ದೃಢೀಕೃತ ಪ್ರತಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದೂ ಅಷ್ಟೇ ಅಗತ್ಯ. ಕಚೇರಿಯ ದಾಖಲೆಯನ್ನು ಹುಡುಕಿ ತೆಗೆಯಲು ಅವುಗಳಲ್ಲಿರುವ ಸಂಖ್ಯೆ ಮತ್ತು ದಿನಾಂಕಗಳೇ ಮೊದಲ ಆಧಾರವಾಗುತ್ತವೆ.